ಓದೋಕೆ ಬಂತು ಅಂತ ಓದಿ ಹೇಳೋದು ನಿಲ್ಲಿಸ್ಬೇಡಿ

ಮಾನ್ಯ ಸಂಪಾದಕರೇ,

ಮಕ್ಕಳು ಪುಸ್ತಕ ಮುಟ್ಟಲ್ಲ, ಬರೀ ಮೊಬೈಲು ಅಂತ ಗೊಣಗೋ ಪತ್ರಗಳು ಈ ಅಂಕಣದಲ್ಲಿ ಆಗಾಗ ಬರ್ತಿರುತ್ವೆ, ನಾನೂ ಓದಿ ಹೌದೌದು ಅಂತ ತಲೆ ಆಡಿಸ್ದೋನೇ. ಆದ್ರೆ ತಪ್ಪು ನಮ್ದೂ ಇದೆ ಸಾರ್. ಮಗು ಅಕ್ಷರ ಕೂಡಿಸಿ ಎರಡು ಸಾಲು ಓದೋಕೆ ಶುರು ಮಾಡ್ತೋ ಇಲ್ವೋ, "ಇನ್ಮೇಲೆ ನೀನೇ ಓದ್ಕೋ" ಅಂತ ಪುಸ್ತಕ ಅದರ ಕೈಗೆ ಕೊಟ್ಟು ನಾವು ಎದ್ದು ಹೋಗ್ತೀವಲ್ಲ, ಅದು.

ನಮ್ಮ ಮಗಳ ವಿಷ್ಯದಲ್ಲೂ ಹೀಗೇ ಆಯ್ತು. ಆರು ವರ್ಷ ಅವಳಿಗೆ. "ನೀವು ಓದಿ ಹೇಳ್ತಾ ಇದ್ರೆ ಸೋಮಾರಿ ಆಗ್ತಾಳೆ" ಅಂತ ಟೀಚರ್ ಒಬ್ರು ಅಂದ್ರು, ನಾವು ನಂಬಿ ನಿಲ್ಲಿಸಿಬಿಟ್ವಿ. ಪಾಪ, ಬೆರಳಿಟ್ಕೊಂಡು, ಒತ್ತಕ್ಷರ ಬಂದ ಕಡೆಯೆಲ್ಲ ಎಡವ್ತಾ, ಪುಟದ ಕೊನೆಗೆ ಬರೋಷ್ಟರಲ್ಲಿ ಮೇಲೆ ಏನಿತ್ತು ಅನ್ನೋದೇ ಮರೆತು ಹೋಗಿರ್ತಿತ್ತು. ಅವಳಿಗೆ ಸಲೀಸಾಗಿ ಓದೋಕೆ ಆಗ್ತಿದ್ದಿದ್ದು "ಇದು ಚೆಂಡು, ಚೆಂಡು ಕೆಂಪು" ಥರದ ಪುಸ್ತಕ, ಆದ್ರೆ ಅವಳು ಕೇಳ್ತಿದ್ದ ಪ್ರಶ್ನೆಗಳು ಸತ್ತೋರು ಎಲ್ಲಿಗೆ ಹೋಗ್ತಾರೆ ಅನ್ನೋ ಮಟ್ಟದ್ದು. ಕಣ್ಣಲ್ಲಿ ಓದೋದಕ್ಕಿಂತ ಕಿವೀಲಿ ಕೇಳಿ ಅರ್ಥ ಮಾಡ್ಕೊಳ್ಳೋದು ಮಕ್ಕಳಿಗೆ ಎಷ್ಟೋ ವರ್ಷ ಮುಂದಿರುತ್ತೆ ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು.

ಮತ್ತೆ ಶುರು ಮಾಡಿದ್ವಿ, ಈ ಸಲ ಚಿತ್ರದ ಪುಸ್ತಕ ಅಲ್ಲ, ಚಾಪ್ಟರ್ ಚಾಪ್ಟರ್ ಆಗಿ ಇರೋ ದಪ್ಪ ಕತೆ ಪುಸ್ತಕ, ಹತ್ತು ಪುಟಕ್ಕೆ ಒಂದು ಚಿತ್ರ ಸಿಕ್ಕಿದ್ರೆ ಹೆಚ್ಚು. ಮೊದಲ ಎರಡು ದಿನ ಹೊದಿಕೆ ದಾರ ಕೀಳ್ತಾ ಮಲ್ಕೊಂಡಿದ್ಲು, ಕೇಳ್ತಾ ಇಲ್ಲ ಅಂತಾನೇ ನಾನು ಅಂದ್ಕೊಂಡೆ. ಮೂರನೇ ದಿನ ಬೆಳಗ್ಗೆ ಬಾಯ್ತುಂಬ ಪೇಸ್ಟ್ ನೊರೆ ಇಟ್ಕೊಂಡು ಬಂದು "ಅಪ್ಪಾ, ಆ ಆಮೆ ಇನ್ನೂ ಬಾವಿ ಒಳಗೇ ಇದ್ಯಾ?" ಅಂದ್ಲು. ರಾತ್ರಿ ಇಡೀ ಆಮೆ ಅವಳ ತಲೇಲಿ ಬಾವೀಲೇ ಕೂತಿತ್ತು ನೋಡಿ! ಒಂದೇ ಕೂತಲ್ಲಿ ಮುಗಿಯೋ ಪುಸ್ತಕದಲ್ಲಿ ಈ ಕಾಯೋ ಸುಖ ಎಲ್ಲಿ ಬರ್ಬೇಕು. ನೆನಪಿಟ್ಕೋಬೇಕು, ನಿನ್ನೆದನ್ನ ಇವತ್ತಿಗೆ ಜೋಡಿಸ್ಬೇಕು, ಚಿತ್ರ ಇಲ್ದೇ ಇರೋದ್ರಿಂದ ಬಾವಿ ಎಷ್ಟು ಆಳ ಅಂತ ಅವಳೇ ಕಟ್ಕೋಬೇಕು.

ಪದಗಳ ವಿಷ್ಯಕ್ಕೆ ಬಂದ್ರೆ, 1988ರಲ್ಲಿ ಇಬ್ರು ಸಂಶೋಧಕರು ಇಂಗ್ಲಿಷಲ್ಲಿ ಎಣಿಸಿ ನೋಡಿದ್ರು, ಮಕ್ಕಳ ಪುಸ್ತಕದಲ್ಲಿ 1000 ಪದಕ್ಕೆ ಸುಮಾರು 31 ಅಪರೂಪದ ಪದ ಸಿಕ್ಕಿದ್ವು, ಕಾಲೇಜು ಓದಿದ ದೊಡ್ಡೋರು ಮನೇಲಿ, ಸ್ನೇಹಿತರ ಜೊತೆ ಆಡೋ ಮಾತಲ್ಲಿ 17ರ ಆಸುಪಾಸು. ಅಂದ್ರೆ ನಾವು ಎಷ್ಟೇ ಚೆನ್ನಾಗಿ ಮಾತಾಡಿಸಿದ್ರೂ ಪುಸ್ತಕದಷ್ಟು ಪದ ನಮ್ಮ ಬಾಯಲ್ಲಿ ಬರಲ್ಲ. ಕನ್ನಡದಲ್ಲಂತೂ ಮನೇಲಿ "ಹೋಗ್ತಾನೆ" ಅನ್ನೋದು ಪುಸ್ತಕದಲ್ಲಿ "ಹೋಗುತ್ತಾನೆ" ಆಗಿರುತ್ತೆ, ಕಿವಿಗೆ ಮೊದಲೇ ಬಿದ್ದಿದ್ರೆ ಮುಂದೆ ತಾನೇ ಓದೋವಾಗ ಅದು ಪರಭಾಷೆ ಥರ ಕಾಣಲ್ಲ. ಅಮೆರಿಕದ ಓದುವಿಕೆ ಆಯೋಗ ಒಂದು 1985ರಲ್ಲೇ ವರದಿ ಕೊಟ್ಟು, ಓದಿನ ತಳಪಾಯಕ್ಕೆ ಗಟ್ಟಿಯಾಗಿ ಓದಿ ಹೇಳೋದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ, ಮೇಲಿನ ಕ್ಲಾಸುಗಳಿಗೆ ಹೋದ್ರೂ ಮುಂದುವರಿಸಿ ಅಂದಿತ್ತು. ಸೋಮಾರಿತನದ ಮಾತು ಹೇಳೋರು ಈ ಕೊನೇ ಭಾಗ ನೋಡಿದ್ರೆ ಒಳ್ಳೇದು.

ದಿನಾ ಕಾಲು ಗಂಟೆ ಸಾಕು. ಉದ್ದುದ್ದ ವರ್ಣನೆ ಬಂದ್ರೆ ನಾನು ಹಾರಿಸಿಬಿಡ್ತೀನಿ, ತಪ್ಪೇನಿಲ್ಲ. ಮಗು ಕೇಳ್ತಾ ಕೇಳ್ತಾ ಚಿತ್ರ ಬಿಡಿಸ್ಲಿ, ಹೊರಳಾಡ್ಲಿ. ಆದ್ರೆ ಪ್ರತಿ ಪುಟಕ್ಕೂ "ಈ ಪದದ ಅರ್ಥ ಹೇಳು, ಕತೆಯ ನೀತಿ ಏನು" ಅಂತ ಪರೀಕ್ಷೆ ಮಾತ್ರ ಇಡ್ಬೇಡಿ, ಆ ತಪ್ಪು ನಾನು ಮಾಡಿದೀನಿ, ಒಂದು ವಾರ ಅವಳು ಪುಸ್ತಕದ ಹತ್ರ ಬರ್ಲಿಲ್ಲ.

ಕೊನೆಗೊಂದು ಕೋರಿಕೆ. ಪಿನೋಕಿಯೋ ಅನ್ನೋ ಮರದ ಗೊಂಬೆಯ ಕತೆ 1881ರಲ್ಲಿ ಇಟಲಿಯ ಮಕ್ಕಳ ಪತ್ರಿಕೆ ಒಂದರಲ್ಲಿ ಧಾರಾವಾಹಿಯಾಗೇ ಶುರುವಾಗಿದ್ದು, ಲೇಖಕರು 15ನೇ ಅಧ್ಯಾಯದಲ್ಲಿ ಗೊಂಬೇನ ಮರಕ್ಕೆ ನೇಣು ಹಾಕಿ ಮುಗಿಸಿದ್ರೆ ಓದುಗರು ಬಿಡ್ಲಿಲ್ಲ, ಮತ್ತೆ ಬದುಕಿಸಿ ಮುಂದುವರಿಸ್ಬೇಕಾಯ್ತು. ನೀವೂ ನಿಮ್ಮ ಮಕ್ಕಳ ಪುಟದಲ್ಲಿ ಬಿಡಿ ನೀತಿಕತೆಗಳನ್ನ ಸ್ವಲ್ಪ ಕಡಿಮೆ ಮಾಡಿ, ವಾರಕ್ಕೊಂದು ಅಧ್ಯಾಯದ ಹಾಗೆ ಒಂದು ದೊಡ್ಡ ಕತೆ ಹಾಕಿ ನೋಡ್ಬಾರ್ದಾ? ಅಕ್ಷರ ಸ್ವಲ್ಪ ದಪ್ಪ ಇರ್ಲಿ, ಓದಿ ಹೇಳೋ ಅಜ್ಜಿ ತಾತಂದಿರಿಗೆ ಕನ್ನಡಕ ಹುಡುಕೋದು ತಪ್ಪುತ್ತೆ.

ಇತಿ,
ನಿಮ್ಮ ಓದುಗ, ಒಬ್ಬ ಅಪ್ಪ