ಎಳೆ ಕುದುರೆ ಮೈಮೇಲೆ ಬರುವುದು ಮುದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಒಂದು ಫೋಟೊ ಹಾಕಿದ್ದಿರಿ. ಮುಳಶಿ ಕಡೆಯ ಯಾವುದೋ ಫಾರ್ಮ್‌ಹೌಸ್. ಕುದುರೆ ಮರಿಯೊಂದು ಹುಡುಗನ ಎದೆಗೆ ತಲೆ ಒತ್ತಿ ನಿಂತಿದೆ, ಕೆಳಗೆ ‘ಮೂಕಪ್ರಾಣಿಯ ಪ್ರೀತಿ’ ಎಂದು ಬರೆದಿದ್ದೀರಿ. ಚಿತ್ರ ಚೆನ್ನಾಗಿಯೇ ಇದೆ. ಆದರೆ ಆ ಹುಡುಗನ ಕಾಲು ನೋಡಿ. ಒಂದು ಹಿಮ್ಮಡಿ ನೆಲ ಬಿಟ್ಟಿದೆ, ಮೈ ಹಿಂದಕ್ಕೆ ವಾಲಿದೆ. ಮರಿ ತಳ್ಳುತ್ತಿದೆ, ಹುಡುಗ ಸರಿಯುತ್ತಿದ್ದಾನೆ. ಅದನ್ನು ಪ್ರೀತಿ ಎಂದು ಓದಿ ಇನ್ನಷ್ಟು ಮನೆಗಳಲ್ಲಿ ಮಕ್ಕಳನ್ನು ಹೀಗೆ ನಿಲ್ಲಿಸಿ ಫೋಟೊ ತೆಗೆಯುತ್ತಾರಲ್ಲ ಎಂಬ ಚಿಂತೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಪುಣೆಯಲ್ಲಿ ಕುದುರೆ ಸವಾರಿ ಕಲಿಸುತ್ತೇನೆ. ಎಳೆ ಕುದುರೆಗಳಿಗೆ ನೆಲದ ಮೇಲಿನ ಪಾಠ ಕಲಿಸುವುದೂ ನನ್ನ ಕೆಲಸ. ಈಗ ಈ ಊರಿನ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ಮುಳಶಿ, ತಳೇಗಾಂವ್, ಭೋರ್ ಕಡೆ ಸ್ವಲ್ಪ ಜಾಗ ತೆಗೆದುಕೊಂಡಿದ್ದಾರೆ. ಜಾಗ ಬಂದ ಮೇಲೆ ಒಂದು ಕುದುರೆಯೂ ಇರಲಿ ಅನಿಸುತ್ತದೆ. ನಂದುರಬಾರ್ ಜಿಲ್ಲೆಯಲ್ಲಿ ತಾಪಿ ನದಿ ದಡದ ಸಾರಂಗಖೇಡಾದಲ್ಲಿ ದತ್ತ ಜಯಂತಿ ಹೊತ್ತಿಗೆ ದೊಡ್ಡ ಕುದುರೆ ಜಾತ್ರೆ ಆಗುತ್ತದೆ. ಅಲ್ಲಿಗೆ ಹೋಗಿ, ಕಿವಿಯ ತುದಿ ಒಂದಕ್ಕೊಂದು ತಾಗುವ ಚೆಂದದ ಮಾರವಾಡಿ ತಳಿಯ ಮರಿ ನೋಡಿ, ಮನಸೋತು, ಟೆಂಪೊದಲ್ಲಿ ಹಾಕಿಕೊಂಡು ಬಂದೇ ಬಿಡುತ್ತಾರೆ. ಆಗ ಅದಕ್ಕೆ ಒಂದೋ ಒಂದೂವರೆಯೋ ವರ್ಷ. ಜೇಬಿಗೆ ಮೂತಿ ಹಾಕಿ ಬೆಲ್ಲ ಹುಡುಕುತ್ತದೆ, ಬೆನ್ನಿಗೆ ತಲೆ ಉಜ್ಜುತ್ತದೆ, ಎಲ್ಲರೂ ನಗುತ್ತಾರೆ. ಇನ್ನೊಂದು ವರ್ಷ ಕಳೆದರೆ ಅದೇ ಮರಿ ಮೂರು ನೂರು ಕಿಲೋ ತೂಗುತ್ತದೆ. ಆಗ ಫೋನ್ ಬರುತ್ತದೆ. ‘ಮೇಡಂ, ಮೈಮೇಲೆ ಬರುತ್ತೆ, ಕಚ್ಚುತ್ತೆ, ಹಗ್ಗ ಹಿಡಿದರೆ ನಮ್ಮನ್ನೇ ಎಳೆದುಕೊಂಡು ಹೋಗುತ್ತೆ.’

ಅದಕ್ಕೆ ಕೊಬ್ಬು ಬಂದಿಲ್ಲ, ಸೇಡೂ ಇಲ್ಲ. ಕುದುರೆ ಹಿಂಡಿನ ಪ್ರಾಣಿ. ಹಿಂಡಿನಲ್ಲಿ ಯಾರು ಯಾರನ್ನು ಜಾಗ ಬಿಡಿಸುತ್ತಾರೆ ಅನ್ನುವುದರ ಮೇಲೆ ದೊಡ್ಡವರು ಚಿಕ್ಕವರು ಗೊತ್ತಾಗುತ್ತದೆ. ಮರಿ ಅತಿಯಾಗಿ ಮೈಮೇಲೆ ಬಂದರೆ ತಾಯಿಯೋ ಇನ್ನೊಂದು ಹಿರಿಯ ಹೆಣ್ಣು ಕುದುರೆಯೋ ಕಿವಿ ಹಿಂದಕ್ಕೆ ಹಾಕಿ ಒಮ್ಮೆ ನೋಡುತ್ತದೆ. ಕೇಳದಿದ್ದರೆ ತಲೆ ಬೀಸುತ್ತದೆ. ಅಷ್ಟಕ್ಕೂ ಕೇಳದಿದ್ದರೆ ಕಚ್ಚುತ್ತದೆ. ಮರಿ ಹಿಂದೆ ಸರಿದ ಕ್ಷಣವೇ ಎಲ್ಲ ಮುಗಿಯಿತು, ತಾಯಿ ಮತ್ತೆ ಹುಲ್ಲು ಮೇಯುತ್ತಿರುತ್ತದೆ, ಸಿಟ್ಟು ಉಳಿಯುವುದಿಲ್ಲ. ಬೇಗ ಹಾಲು ಬಿಡಿಸಿ ಒಂಟಿಯಾಗಿ ಫಾರ್ಮ್‌ಹೌಸಿಗೆ ತಂದ ಮರಿಗೆ ಈ ಪಾಠ ಹೇಳುವವರೇ ಇರುವುದಿಲ್ಲ. ಅದು ಭುಜದಿಂದ ಒತ್ತುತ್ತದೆ, ನಾವು ಒಂದು ಹೆಜ್ಜೆ ಹಿಂದಿಡುತ್ತೇವೆ. ಬೆಳಿಗ್ಗೆಯಿಂದ ಸಂಜೆವರೆಗೆ ಇದೇ ನಡೆದರೆ ಅದು ಏನು ಕಲಿಯಬೇಕು ಹೇಳಿ? ಈ ಮನೆಯಲ್ಲಿ ಸರಿಯಬೇಕಾದವರು ಮನುಷ್ಯರು ಅಂತಲೇ ಅಲ್ವಾ?

ಪಾಠಕ್ಕೆ ಮೊದಲು ವೈದ್ಯರಿಗೆ ತೋರಿಸಿ. ಸುಮಾರು ಎರಡೂವರೆ ವರ್ಷದಿಂದ ಐದರವರೆಗೆ ಕುದುರೆಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿರುತ್ತದೆ. ಬಾಯಿ ನೋಯುವ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುತ್ತದೆ. ಮೇವೂ ನೋಡಿಕೊಳ್ಳಿ. ಕೆಲಸವಿಲ್ಲದ ಮರಿಗೆ ಬಕೆಟ್ ತುಂಬಾ ಹುರುಳಿ, ಓಟ್ಸ್ ಸುರಿದು ದಿನವಿಡೀ ಲಾಯದಲ್ಲಿ ಕಟ್ಟಿ ಹಾಕಿದರೆ ಅದು ಹೊರಗೆ ಬಂದ ಕೂಡಲೇ ನೆಗೆಯದೆ ಇನ್ನೇನು ಮಾಡೀತು? ಹುಲ್ಲು ಜಾಸ್ತಿ ಕೊಡಿ, ಕಾಳು ಕಡಿಮೆ ಮಾಡಿ, ಓಡಾಡಲು ಬಯಲು ಕೊಡಿ, ಸಾಧ್ಯವಾದರೆ ಜೊತೆಗೊಂದು ಶಾಂತವಾದ ಹಿರಿಯ ಕುದುರೆ ಇರಲಿ. ತಳಿ ಬೆಳೆಸುವ ಉದ್ದೇಶ ಇಲ್ಲದಿದ್ದರೆ ಗಂಡು ಮರಿಯ ಬೀಜ ತೆಗೆಸುವ ಬಗ್ಗೆಯೂ ಕೇಳಿ. ಮನೆಯವರು ಸಂಕೋಚಪಡುತ್ತಾರೆ, ಆದರೆ ಅನುಭವವಿಲ್ಲದವರ ಕೈಯಲ್ಲಿ ಬೀಜದ ಕುದುರೆ ಇರುವುದು ಇಬ್ಬರಿಗೂ ಕಷ್ಟ.

ಇನ್ನು ಮುಖ್ಯ ವಿಷಯ. ಹತ್ತು ಹನ್ನೆರಡು ಅಡಿಯ ದಪ್ಪ ಹತ್ತಿ ಹಗ್ಗ, ಸರಿಯಾಗಿ ಕೂರುವ ಹಾಲ್ಟರ್ (ಹಗ್ಗ ಕಟ್ಟಲು ಕುದುರೆಯ ತಲೆಗೆ ಹಾಕುವ ಪಟ್ಟಿ), ಕೈಗೆ ಗ್ಲೌಸ್, ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಬೂಟು. ಚಪ್ಪಲಿಯಲ್ಲಿ ಕುದುರೆಯ ಹತ್ತಿರ ಹೋಗಲೇಬೇಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಅದು ಓಡಿದರೆ ಬೆರಳು ಹೋಗುತ್ತದೆ. ಅದರ ನೇರ ಎದುರು ನಿಲ್ಲಬೇಡಿ. ಕುದುರೆಗೆ ಸುತ್ತ ಎಲ್ಲ ಕಾಣುತ್ತದೆ, ಹಣೆಯ ಮುಂದೆ ತೀರಾ ಹತ್ತಿರ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಎಡಗಡೆ, ಕುತ್ತಿಗೆ ಮತ್ತು ಭುಜ ಸೇರುವಲ್ಲಿ, ಒಂದು ಕೈ ಅಂತರ ಬಿಟ್ಟು ನಿಲ್ಲಿ. ಆ ಒಂದು ಕೈ ಅಂತರ ನಿಮ್ಮ ಜಾಗ. ಕರೆಯದೆ ಅದು ಒಳಗೆ ಬರಬಾರದು.

ಬಂತು ಅಂದುಕೊಳ್ಳಿ. ನೀವು ಹಿಂದೆ ಸರಿಯಬೇಡಿ. ಹಗ್ಗವನ್ನು ಮೆಲ್ಲಗೆ ಅಲ್ಲಾಡಿಸಿ. ಕೇಳಲಿಲ್ಲವೇ, ಸ್ವಲ್ಪ ಜೋರಾಗಿ. ಆಗಲೂ ಇಲ್ಲವೇ, ಹಗ್ಗದ ಅಲೆ ಅದರ ಗದ್ದದವರೆಗೆ ಹೋಗುವಷ್ಟು ಜೋರಾಗಿ, ನೀವೂ ನೆಟ್ಟಗೆ ನಿಂತು ಅದರ ಭುಜದ ಕಡೆಗೆ ಒಂದು ಹೆಜ್ಜೆ ಇಡಿ. ಅದು ಒಂದು ಕಾಲು ಹಿಂದಿಟ್ಟಿತೋ, ಆ ಕ್ಷಣಕ್ಕೇ ಎಲ್ಲ ನಿಲ್ಲಿಸಿಬಿಡಿ. ಅದಕ್ಕೆ ಪಾಠ ಹೇಳುವುದು ಆ ನಿಲ್ಲಿಸುವುದೇ. ಸರಿದ ಮೇಲೂ ಹಗ್ಗ ಕುಲುಕುತ್ತಲೇ ಇದ್ದರೆ ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯುವುದೇ ಇಲ್ಲ. ಆಮೇಲೆ ಜೂಲು ಮುಗಿದು ಬೆನ್ನು ಶುರುವಾಗುವ ದಿಬ್ಬದ ಹತ್ತಿರ ಉಗುರಿನಿಂದ ಕೆರೆಯಿರಿ, ಕುದುರೆಗಳು ಒಂದನ್ನೊಂದು ಕೆರೆದುಕೊಳ್ಳುವುದು ಅಲ್ಲೇ. ತಿನ್ನಲು ಕೊಡುವುದಿದ್ದರೆ ಬಕೆಟ್ಟಿಗೆ ಹಾಕಿ, ಕೈಯಿಂದ ಬೇಡ. ನಾಲ್ಕು ಹೆಜ್ಜೆ ನಡೆಸಿ, ನಿಲ್ಲಿಸಿ, ಒಂದು ಹೆಜ್ಜೆ ಹಿಂದಕ್ಕೆ ಕೇಳಿ, ಮತ್ತೆ ನಡೆಸಿ. ತಿರುಗಿಸುವಾಗ ನಿಮ್ಮ ಕಡೆಗೆ ಎಳೆದುಕೊಳ್ಳದೆ ಆಚೆಗೆ ತಿರುಗಿಸಿ, ಆಗ ಸರಿಯುವುದು ಅದು. ಹತ್ತು ನಿಮಿಷ ಸಾಕು. ಎಳೆ ತಲೆ, ಬೇಗ ದಣಿಯುತ್ತದೆ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಎತ್ತು ಕಟ್ಟಿ ಬೆಳೆದ ಕೈ ನಿಮ್ಮದು, ಪ್ರಾಣಿಗೆ ಹೆದರುವುದಿಲ್ಲ, ಅದು ದೊಡ್ಡ ಬಲ. ಆದರೆ ಮೂಗುದಾರ ಇರುವ ಹೋರಿಯನ್ನು ಹಿಡಿದ ಹಾಗೆ ಹಾಲ್ಟರ್ ಹಾಕಿದ ಕುದುರೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಡಿ. ಬಿಡದೆ ಎಳೆದರೆ ಅದೂ ಎಳೆಯುತ್ತದೆ, ಆಗ ಗೆಲ್ಲುವುದು ತೂಕ. ಎಳೆದು ಬಿಡಿ, ಎಳೆದು ಬಿಡಿ. ಬಿಟ್ಟ ಹಗ್ಗದ ಎದುರು ಅದು ಜಗಳ ಮಾಡಲು ಆಗುವುದಿಲ್ಲ.

ಧೈರ್ಯ ಎಲ್ಲಿಂದ ತರೋದು ಎಂದು ಕೇಳುತ್ತಾರೆ, ಹೆಣ್ಣುಮಕ್ಕಳಂತೂ ಜಾಸ್ತಿ ಕೇಳುತ್ತಾರೆ. ಗಂಟಲು ಏರಿಸಿದರೆ ಧೈರ್ಯ ಬರುವುದಿಲ್ಲ. ಮುಂದಿನ ಹೆಜ್ಜೆ ಏನೆಂದು ಗೊತ್ತಿದ್ದರೆ ಬರುತ್ತದೆ. ಗೇಟ್ ತೆಗೆಯುವ ಮೊದಲೇ ತೀರ್ಮಾನ ಮಾಡಿ: ಇವತ್ತು ಆ ಬೇವಿನ ಮರದವರೆಗೆ ಹೋಗಿ, ನಿಲ್ಲಿಸಿ, ವಾಪಸ್ ಬರುತ್ತೇನೆ, ಅಷ್ಟೇ. ಹೋಗುವಾಗ ಮರ ನೋಡಿ, ಕುದುರೆಯ ಮುಖ ನೋಡುತ್ತಾ ನಡೆಯಬೇಡಿ. ಉಸಿರು ಬಿಡಿ. ಹೆದರಿದವರು ಉಸಿರು ಕಟ್ಟಿ ಅದರ ಗದ್ದದ ಕೆಳಗೇ ಹಗ್ಗ ಬಿಗಿ ಹಿಡಿಯುತ್ತಾರೆ, ಕುದುರೆಗೆ ಆ ಬಿಗಿ ತಕ್ಷಣ ಗೊತ್ತಾಗಿ ಅದೂ ತಲೆ ಎತ್ತುತ್ತದೆ. ನಿಜವಾಗಿ ಭಯವಿದ್ದರೆ ಆ ದಿನ ಒಳಗೆ ಹೋಗಬೇಡಿ, ಬಲ್ಲವರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಮುಂಗಾಲು ಎತ್ತಿ ಮೇಲೇಳುವ, ಮುಂಗಾಲಿನಿಂದ ಹೊಡೆಯುವ, ಬೇಕೆಂದೇ ಹಿಂಭಾಗ ತಿರುಗಿಸಿ ಗುರಿಯಿಡುವ ಕುದುರೆಯ ಮೇಲೆ ಈ ಪತ್ರ ಓದಿ ಪ್ರಯೋಗ ಮಾಡಬೇಡಿ. ಅದಕ್ಕೆ ಪಳಗಿದ ಕೈಯೇ ಬೇಕು. ಮಕ್ಕಳು ಬೇಲಿಯ ಹೊರಗಿರಲಿ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಾ ಚಾವಟಿ ತೆಗೆಯುವವರಿದ್ದಾರೆ. ಎಳೆಯದರಲ್ಲೇ ಕಲಿಸಬೇಕು ಅನ್ನುವುದು ಸರಿ, ಆದರೆ ದಯವಿಟ್ಟು ಮೂತಿಗೆ ಹೊಡೆಯಬೇಡಿ. ಮೂತಿಗೆ ಏಟು ತಿಂದ ಮರಿ ಕಚ್ಚುವುದನ್ನು ಬಿಡುವುದಿಲ್ಲ, ಕಚ್ಚಿ ತಕ್ಷಣ ತಲೆ ತಪ್ಪಿಸಿಕೊಳ್ಳಲು ಕಲಿಯುತ್ತದೆ. ಆಮೇಲೆ ಹಾಲ್ಟರ್ ಹಾಕಲು ಕೈ ಎತ್ತಿದರೂ ಬೆಚ್ಚುತ್ತದೆ, ಕಡಿವಾಣ ಹಾಕುವುದಂತೂ ದಿನವೂ ಯುದ್ಧ. ಅಂಥ ಕುದುರೆಗಳು ಕೈಯಿಂದ ಕೈಗೆ ಮಾರಾಟವಾಗುತ್ತಾ ಕೊನೆಗೆ ಮದುವೆ ಮೆರವಣಿಗೆಯ ಬ್ಯಾಂಡು ಪಟಾಕಿಯ ನಡುವೆ ನಿಂತಿರುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದರದ್ದೇನು ತಪ್ಪು?

ಮನೆಯಲ್ಲಿ ಎಲ್ಲರಿಗೂ ಒಂದೇ ನಿಯಮ ಇರಲಿ. ಅಪ್ಪ ಹಿಂದೆ ಸರಿಸಿ, ಅಜ್ಜಿ ಜೇಬಿನಿಂದ ಬೆಲ್ಲ ತಿನ್ನಿಸಿ, ಕೆಲಸದವನು ಕೋಲಿನಿಂದ ತಿವಿದರೆ ಮರಿ ಯಾರ ಮಾತು ಕೇಳಬೇಕು? ಕುದುರೆ ನೋಡಿಕೊಳ್ಳಲು ಒಬ್ಬ ಅನುಭವಿ ಸೈಸ್ ಇಟ್ಟುಕೊಳ್ಳಿ. ರೇಸ್‌ಕೋರ್ಸ್ ಇರುವ ಊರು ಇದು, ಲಾಯದಲ್ಲೇ ಬೆಳೆದವರು ಇಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಸರಿಯಾದ ಸಂಬಳ ಕೊಡಿ. ಅವರು ‘ಸಾಹೇಬ್ರೇ, ಬೇಡ’ ಅಂದರೆ ಕೇಳಿ.

ಈ ವರ್ಷ ಸಾರಂಗಖೇಡಾಕ್ಕೆ ಹೋಗುವವರು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಣ್ಣ, ಸುಳಿ, ಕಿವಿ ಎಲ್ಲ ಆಮೇಲೆ ನೋಡಿ. ಮೊದಲು ಮಾರುವವರಿಗೆ ಹೇಳಿ, ಮರಿಯನ್ನು ಬೇರೆ ಕುದುರೆಗಳಿಂದ ದೂರ ನಡೆಸಿಕೊಂಡು ಹೋಗಿ ನಿಲ್ಲಿಸಲಿ, ಎರಡು ಹೆಜ್ಜೆ ಹಿಂದೆ ಸರಿಸಲಿ. ಆಮೇಲೆ ಹಗ್ಗವನ್ನು ನಿಮ್ಮ ಜೊತೆ ಬಂದ ಬಲ್ಲವರ ಕೈಗೆ ಕೊಡಿಸಿ, ಅದನ್ನೇ ಇನ್ನೊಮ್ಮೆ ಮಾಡಿಸಿ. ಅವರು ನಿಂತಾಗ ಅದು ನಿಲ್ಲುತ್ತದೆಯೋ, ಅವರನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆಯೋ ನೋಡಿ, ಆಮೇಲೆ ರೇಟಿನ ಮಾತಾಡಿ.

ಇಂತಿ,
ನಿಮ್ಮ ಓದುಗಿ, ಪುಣೆ