1956 ಅಂದ್ರೆ ನವೆಂಬರ್ ಒಂದು ಮಾತ್ರವಾ?

ಸಂಪಾದಕರಿಗೆ ನಮಸ್ಕಾರ,

ರಾಜ್ಯೋತ್ಸವದ ದಿನ ನಿಮ್ಮ ವಿಶೇಷ ಪುಟ ಓದಿದೆ, ಚಂದ ಇತ್ತು, ಆದ್ರೆ ಪ್ರತಿ ವರ್ಷ ಅದೇ ಕಥೆ ಮಾರಾಯ್ರೆ. 1956ರಲ್ಲಿ ಮದ್ರಾಸಿನ ಕೈಯಲ್ಲಿದ್ದ ನಮ್ಮ ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯ್ತು, ಮುಗೀತು. (ಈಗ ಲಕ್ಷದ್ವೀಪದಲ್ಲಿರೋ ಅಮಿನಿ, ಕಡಮತ್ ದ್ವೀಪಗಳೂ ಅಲ್ಲಿವರೆಗೆ ನಮ್ಮ ಜಿಲ್ಲೆಗೇ ಸೇರಿದ್ವು, ಅದಂತೂ ಯಾರಿಗೂ ನೆನಪೇ ಇಲ್ಲ.)

ಅದೇ ವರ್ಷ ಜೂನ್ 17ಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಅದರ ಬಗ್ಗೆ ಒಂದು ಸಾಲೂ ಇಲ್ಲ. ಗಣರಾಜ್ಯಕ್ಕೆ ಆಗ ಬರೀ ಆರು ವರ್ಷ. ಹಿಂದೂ ಕೋಡ್ ಬಿಲ್ ಮುಂದೆ ಹೋಗ್ತಾ ಇಲ್ಲ ಅಂತ ಅಂಬೇಡ್ಕರ್ 1951ರಲ್ಲೇ ಮಂತ್ರಿಗಿರಿ ಬಿಟ್ಟಿದ್ರು, ಆಮೇಲೆ ನೆಹರೂ ಸರ್ಕಾರ ಅದನ್ನೇ ತುಂಡು ತುಂಡು ಮಾಡಿ ಪಾಸ್ ಮಾಡಿಸ್ತು, 1955ರಲ್ಲಿ ಮದುವೆದ್ದು, 56ರಲ್ಲಿ ಆಸ್ತಿದ್ದು. ಅದೇ ಹೊತ್ತಿಗೆ ಭಾಷಾವಾರು ಪ್ರಾಂತ್ಯದ ಗಲಾಟೆ ಬೇರೆ, ಬಾಂಬೆ ನಗರವನ್ನ ಮಹಾರಾಷ್ಟ್ರಕ್ಕೆ ಕೊಡೋದಿಲ್ಲ ಅಂದಿದ್ದಕ್ಕೆ ಹಣಕಾಸು ಮಂತ್ರಿ ದೇಶಮುಖ್ ರಾಜೀನಾಮೆ ಕೊಟ್ಟು ಹೋದ್ರು.

ದೇಶಕ್ಕೆಲ್ಲ ಅದು ಹೆಣ್ಮಕ್ಕಳಿಗೆ ಆಸ್ತಿ ಕೊಟ್ಟ ಕಾನೂನು. ನಮ್ಮ ಅಳಿಯಕಟ್ಟಿನ (ಅಳಿಯಸಂತಾನ ಪದ್ಧತಿಯ) ಮನೆಗಳಲ್ಲಿ ಕಥೆಯೇ ಬೇರೆ, ಇಲ್ಲಿ ಕುಟುಂಬದ ಆಸ್ತಿ ಮೊದಲೇ ಹೆಂಗಸರ ಸಂತಾನದಲ್ಲಿ ಇಳಿದು ಬರ್ತಿತ್ತು, ಯಜಮಾನಿಕೆ ಸೋದರಮಾವನದ್ದಾದ್ರೂ. ಹೊಸ ಕಾಯ್ದೆ 7ನೇ ಸೆಕ್ಷನ್ನಲ್ಲಿ ಅಳಿಯಸಂತಾನ ಅಂತ ಹೆಸರು ಹಿಡಿದೇ ಹೇಳ್ತದೆ: ಒಬ್ಬ ತೀರಿಕೊಂಡ್ರೆ ಆ ಕ್ಷಣಕ್ಕೆ ತಲೆಗೊಂದು ಪಾಲು ಮಾಡಿದ್ರೆ ಅವನಿಗೆ ಎಷ್ಟು ಬರ್ತಿತ್ತೋ ಅಷ್ಟು ಅವನ ವಾರಸುದಾರರಿಗೆ. ಅಂದ್ರೆ ತರವಾಡಿನಲ್ಲೇ, ತಾಯಿ ಕಡೆಯ ಕೂಡುಕುಟುಂಬದಲ್ಲೇ, ಉಳೀತಿದ್ದ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಯ್ತು. ತಪ್ಪು ಅಂತ ನಾನು ಹೇಳೋದಿಲ್ಲ, ಎಷ್ಟೋ ಮಕ್ಕಳಿಗೆ ಅದ್ರಿಂದ ನ್ಯಾಯ ಸಿಕ್ಕಿದೆ, ಆದ್ರೆ ನಮ್ಮ ಮನೆಗಳ ಒಳಗೆ ನವೆಂಬರ್ ಒಂದಕ್ಕಿಂತ ಜಾಸ್ತಿ ಬದಲು ಮಾಡಿದ್ದು ಇದೇ ಅಲ್ವಾ?

ಕಳೆದ ವರ್ಷ ಜಾಗದ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಅಮ್ಮನ ಟ್ರಂಕಿನಲ್ಲಿದ್ದ 1953ರ ಪಾಲುಪಟ್ಟಿ ತಕೊಂಡು ಹೋದೆ, ಮಡಿಕೆ ಮಡಿಕೆಗೂ ಹರಿದಿದೆ, ಮೇಲೆ ಮದ್ರಾಸ್ ಸರ್ಕಾರದ ಛಾಪಾ, ಒಳಗೆ ನನ್ನ ಅಜ್ಜಿಯ ಅಮ್ಮನ ಹೆಸರಿನಿಂದ ಶುರುವಾಗಿ ಕವರು ಕವರಾಗಿ (ಕವರು ಅಂದ್ರೆ ಒಬ್ಬ ಹೆಂಗಸಿನ ಸಂತಾನದ ಕವಲು) ಬರೆದಿದ್ದಾರೆ. ಕೌಂಟರಿನಲ್ಲಿದ್ದ ಹುಡುಗ, ಪಾಪ ಘಟ್ಟದ ಮೇಲಿನವ, "ಕವರ್ ಅಂದ್ರೆ ಯಾವ ಕವರ್ ಸಾರ್, ಪೋಸ್ಟಿಂದಾ?" ಅಂತ ಕೇಳಿದ. ನಗು ಬಂತು. ಆದ್ರೆ ವಂಶವೃಕ್ಷದ ಅರ್ಜಿ ಎರಡು ಸಲ ವಾಪಸ್ ಬಂದಾಗ ನಗು ಬರ್ಲಿಲ್ಲ, ಮರದ ತುದಿಯಲ್ಲಿ ಹೆಂಗಸಿನ ಹೆಸರು ಇದ್ರೆ ಆಗೋದಿಲ್ವಂತೆ. ಕೊನೆಗೆ ಹೊರಗೆ ಕೂತು ಅರ್ಜಿ ಬರೆಯುವವರು ಅಜ್ಜಿಯ ಅಮ್ಮನ ಗಂಡನ ಹೆಸರನ್ನ ತುದಿಯಲ್ಲಿ ಹಾಕಿ ಕೊಟ್ರು, ಅದೇ ದಿನ ಪಾಸಾಯ್ತು. ಆ ಅಜ್ಜ ನಮ್ಮ ಮನೆಗೆ ಬರ್ತಿದ್ದದ್ದು ನೆಂಟರ ಹಾಗೆ, ಆ ಜಾಗದಲ್ಲಿ ಅವರದ್ದು ಅಂತ ಒಂದು ತೆಂಗಿನಮರವೂ ಇರ್ಲಿಲ್ಲ.

— ಒಬ್ಬ ಓದುಗ, ಕಾಪು