ಹೊಟ್ಟೆ ತೊಳೆದು ಕಳಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಸಾಯಲೆಂದು ಬೆಳೆಗೆ ಹೊಡೆಯುವ ಎಣ್ಣೆ (ಕೀಟನಾಶಕ) ಕುಡಿದವರನ್ನು ಕ್ಯಾಶುವಾಲ್ಟಿಗೆ ತಂದಾಗ ನಮ್ಮ ಸರ್ಕಾರಿ ಆಸ್ಪತ್ರೆಗಳ ವೈದ್ಯರು, ಸಿಸ್ಟರ್‌ಗಳು ಪಡುವ ಪಾಡು ಸಣ್ಣದಲ್ಲ. ಹೊಟ್ಟೆ ತೊಳೆದು, ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತ ರಾತ್ರಿಯಿಡೀ ನಾಡಿ, ಉಸಿರು ನೋಡುತ್ತ ಕೂರುತ್ತಾರೆ. ಎಷ್ಟೋ ಜೀವಗಳು ಉಳಿಯುತ್ತವೆ. ಆಮೇಲೆ? ರೋಗಿ ಎದ್ದು ಕೂತು ಗಂಜಿ ಕುಡಿದರೆ ಡಿಸ್ಚಾರ್ಜ್ ಚೀಟಿ ಸಿದ್ಧ. ಯಾಕೆ ಹೀಗೆ ಮಾಡಿಕೊಂಡೆ, ಈಗಲೂ ಆ ಯೋಚನೆ ಇದೆಯಾ, ಮನೆಯಲ್ಲಿ ಇನ್ನೊಂದು ಡಬ್ಬಿ ಉಳಿದಿದೆಯಾ ಎಂದು ಪಕ್ಕದಲ್ಲಿ ಕೂತು ಕೇಳುವವರು ಬಹಳ ಕಡೆ ಇಲ್ಲ. ಒಮ್ಮೆ ಯತ್ನಿಸಿದವರು ಮತ್ತೆ ಯತ್ನಿಸುವ ಅಪಾಯ ಹೆಚ್ಚೆಂಬುದು ಎಲ್ಲ ವೈದ್ಯರಿಗೂ ಗೊತ್ತಿದೆ. 2022ರಲ್ಲಿ ರಾಜ್ಯದಲ್ಲಿ 13,606 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಲೆಕ್ಕ ಹೇಳುತ್ತದೆ.

ಮನೆಯವರಿಗೆ ಪೊಲೀಸ್ ಕೇಸಿನ ಭಯ. 'ಔಷಧಿ ಅಂತ ಕತ್ತಲಲ್ಲಿ ತಪ್ಪಿ ಕುಡಿದರು ಅಂತ ಬರೀರಿ ಸಿಸ್ಟರ್' ಎಂದು ಕೈಮುಗಿಯುತ್ತಾರೆ. ಹಾಗೆ ಬರೆದ ಮೇಲೆ ಮನೋವೈದ್ಯರನ್ನು ಕರೆಸುವ ಮಾತೆಲ್ಲಿ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆಯದೆಂದು ಸಾಬೀತಾಗದ ಹೊರತು ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಐಪಿಸಿಯ 309ನೇ ಸೆಕ್ಷನ್ ಕೂಡ ಹೋಯಿತು. ಈ ಸಂಗತಿಯನ್ನು ದೊಡ್ಡಕ್ಷರದಲ್ಲಿ ಬರೆದು ಕ್ಯಾಶುವಾಲ್ಟಿ ಗೋಡೆಗೆ ಹಾಕಲು ಏನು ಖರ್ಚು?

ಮನೋವೈದ್ಯರ ಕೊರತೆಯಿದೆ, ನಿಜ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಜನರ ಸಂಕಟ ಮಂಗಳವಾರವೇ ಬರಬೇಕಲ್ಲ! ಆದರೆ ಎಲ್ಲದಕ್ಕೂ ತಜ್ಞರೇ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ತುರ್ತು ವಿಭಾಗಕ್ಕೆ ಬಂದ 1,867 ಮಂದಿಯ ಮೇಲೆ ಅಧ್ಯಯನ ಮಾಡಿತ್ತು. ಅರ್ಧದಷ್ಟು ಜನರಿಗೆ ಬಿಡುಗಡೆಗೆ ಮುಂಚೆ ಒಂದು ತಾಸು ಮಾತು, ನಂತರದ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ಇಷ್ಟೇ. ಅವರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ 0.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 2.2. 2008ರಲ್ಲೇ ಪ್ರಕಟವಾದ ಫಲಿತಾಂಶವಿದು.

ಮೂಳೆ ಮುರಿದು ದಾಖಲಾದ ಕುಡಿತದ ಚಟದವರ ಕಥೆಯೂ ಇಂಥದ್ದೇ. ಎರಡು–ಮೂರನೇ ದಿನ ಕೈ ನಡುಗಿ, ಇಲ್ಲದ್ದು ಕಂಡು ಚೀರಾಡಿದರೆ ಗಲಾಟೆ ಎಂದು ಮಂಚಕ್ಕೆ ಕಟ್ಟುತ್ತಾರೆ, ಮನೆಯವರು ಗಾಳಿ ಸೋಕಿದೆ ಎಂದು ತಾಯತ ತರುತ್ತಾರೆ. ಅದು ಏಕಾಏಕಿ ಮದ್ಯ ನಿಂತಾಗ ಆಗುವ ಸನ್ನಿ, ಚಿಕಿತ್ಸೆ ಕೊಡದೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ದಾಖಲಾದ ದಿನವೇ 'ಎಷ್ಟು ಕುಡೀತೀರಿ, ಕೊನೇ ಸಲ ಯಾವಾಗ ಕುಡಿದಿರಿ' ಎಂದು ಕೇಳಿದ್ದರೆ ಔಷಧಿಯಲ್ಲೇ ತಡೆಯಬಹುದು.

ಆರೋಗ್ಯ ಇಲಾಖೆ ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳ ಪ್ರತಿ ಪಾಳಿಯಲ್ಲಿ ಒಬ್ಬ ಶುಶ್ರೂಷಕರಿಗಾದರೂ ಈ ಮಾತುಕತೆಯ ತರಬೇತಿ ಕೊಡಿಸಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಕರೆಯ ದಿನಾಂಕ ಮತ್ತು ಹಗಲು ರಾತ್ರಿ ಉಚಿತವಾಗಿ ಸಿಗುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕಡ್ಡಾಯವಾಗಿ ಇರಲಿ. ಕರೆ ಮಾಡುವ ಕೆಲಸವನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಗೆ ವಹಿಸಿ, ಎಷ್ಟು ಕರೆ ಹೋದವು ಎಂದು ಜಿಲ್ಲಾ ಆರೋಗ್ಯಾಧಿಕಾರಿ ತಿಂಗಳ ಸಭೆಯಲ್ಲಿ ಕೇಳಲಿ.

— ನಿವೃತ್ತ ಶುಶ್ರೂಷಕಿ, ಹಾವೇರಿ ಜಿಲ್ಲೆ